ಹುಣಸೆಹಣ್ಣಿನ ನೀರಲ್ಲಿ ಹವಳ

ತೊಂಬತ್ತರ ದಶಕದಲ್ಲಿ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಮೈಸೂರಿಗೆ ಸಮುದ್ರ ಎಲ್ಲಿಂದ ಬರಬೇಕು? ಮಕ್ಕಳಿಗೆ ತೋರಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಹವಳದ ತುಂಡು. ಅದರ ಮೈತುಂಬ ಹೂವಿನಂಥ ಪುಟ್ಟ ಗುಳಿಗಳು, ಒಂದೊಂದೂ ಒಂದು ಜೀವಿ ಕಟ್ಟಿಕೊಂಡ ಸುಣ್ಣದ ಮನೆ.

ಗೌರಿಹಬ್ಬದ ಹಿಂದಿನ ದಿನ ಅಮ್ಮ ಹಿತ್ತಾಳೆ ದೀಪಗಳ ಜೊತೆಗೆ ಆ ಹವಳವನ್ನೂ ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ ತಿಕ್ಕುತ್ತಿದ್ದಳು. ನಾನು ಓಡಿಬಂದು ಕಸಿದುಕೊಳ್ಳುವಷ್ಟರಲ್ಲಿ ಒಂದು ಪಕ್ಕದ ಹೂಗಳೆಲ್ಲ ಸವೆದುಹೋಗಿದ್ದವು. “ಹುಳಿಗೆ ಸುಣ್ಣ ಕರಗುತ್ತೆ, ಅಷ್ಟೂ ಗೊತ್ತಾಗಲ್ವಾ ನಿನಗೆ?” ಎಂದು ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. “ಕೊಳೆಯಾಗಿತ್ತು ಕಣೋ, ಹಬ್ಬದ ದಿನ ಹಂಗೇ ಬಿಡಕ್ಕಾಗತ್ತಾ?” ಅಂದಳು.

ಎರಡು ಸಾವಿರದ ಇಸವಿಯ ಈಚೆಗೆ ಒಂದು ದಿನ ಓದಿದೆ: ನಾವು ಬಿಟ್ಟ ಹೊಗೆಯನ್ನು ಹೀರಿ ಹೀರಿ ಸಮುದ್ರವೇ ಹುಳಿಯ ಕಡೆಗೆ ತಿರುಗುತ್ತಿದೆಯಂತೆ, ಹವಳಗಳಿಗೆ ಮನೆ ಕಟ್ಟುವುದೇ ಕಷ್ಟವಾಗುತ್ತಿದೆಯಂತೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮನಿಗೆ ಹೇಳಿದೆ. ಅವಳು ಲೋಟ ಕೆಳಗಿಟ್ಟು, “ಅವತ್ತು ನೀನು ಕಿರುಚ್ಕೊಂಡು ಬಂದು ಎತ್ಕೊಂಡೆ. ಅಲ್ಲಿ ಎತ್ಕೊಳ್ಳೋಕೆ ಯಾರಿದಾರೆ ಹೇಳು?” ಅಂದಳು.

ಕಾಲೇಜಿಗೆ ಹೊತ್ತಾಗಿತ್ತು. ಸ್ಕೂಟರಿಗೆ ಒದ್ದು, ಬೀದಿ ತುಂಬ ಹೊಗೆ ಎಬ್ಬಿಸಿಕೊಂಡು, ಹವಳದ ಪಾಠ ಮಾಡಲು ಹೊರಟೆ.