ಅಕ್ಕನ ನಿದ್ದೆ, ಹಳೇ ಕಾರಿನ ಎರಡು ಕೊಳವೆ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಷೆಡ್ಡಿನ ಶಟರ್ ಅರ್ಧ ಎತ್ತಿದೆ. ಒಳಗೆ ಇಬ್ಬರೇ ಕೂರುವ ಕೆಂಪು ಬಣ್ಣದ ಹಳೇ ಸ್ಪೋರ್ಟ್ಸ್ ಕಾರೊಂದು ಲಿಫ್ಟಿನ ಮೇಲೆ ಏರಿ ಕೂತಿದೆ. ನಾಲ್ಕು ಚಕ್ರಗಳೂ ಗಾಳಿಯಲ್ಲಿ ಜೋತಾಡುತ್ತಿವೆ. ಅದರ ಹೊಟ್ಟೆಯ ಕೆಳಗೆ ಕತ್ತೆತ್ತಿ ನಿಂತ ಹೆಂಗಸೊಬ್ಬರು ಹೊಸದಾಗಿ ಜೋಡಿಸಿದ ಎರಡು ಕೊಳವೆಗಳ ಉದ್ದಕ್ಕೂ ಅಗ್ಗದ ಹಳದಿ ಪೇಂಟಿನಿಂದ ಗೆರೆ ಎಳೆಯುತ್ತಿದ್ದಾರೆ. ಆಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಎಂಜಿನ್ ಚಾಲೂ ಮಾಡುತ್ತಾರೆ. ಸೈಲೆನ್ಸರ್ ಇನ್ನೂ ಕೂರಿಸಿಲ್ಲ. ತಗಡಿನ ಮಾಡು ಗಡಗಡ ನಡುಗುತ್ತದೆ, ಮೊಳೆಗೆ ನೇತುಹಾಕಿದ ಸ್ಪ್ಯಾನರ್‌ಗಳು ಒಂದಕ್ಕೊಂದು ತಾಕಿ ಕುಣಿಯುತ್ತವೆ.

ಬೀದಿಯವರಿಗೆಲ್ಲ ಇವರು ಪೈಪಕ್ಕ. ವಾಹನಗಳ ಹೊಗೆ ಕೊಳವೆ ಬಗ್ಗಿಸುವುದು, ಬೆಸೆಯುವುದು, ಸೈಲೆನ್ಸರ್ ಕಟ್ಟುವುದು ಇವರ ಕಸುಬು. ಎದುರಿಗೆ ಐಸ್ ಕಾರ್ಖಾನೆ, ಪಕ್ಕದಲ್ಲಿ ಮರದ ಗೋದಾಮು. ಸದ್ದಿಗೆ ಹೆದರುವವರು ಅಲ್ಲಿ ಯಾರೂ ಇಲ್ಲ, ಒಬ್ಬರನ್ನು ಬಿಟ್ಟು. ಷೆಡ್ಡಿನ ಮೇಲಿನ ಮನೆಯಲ್ಲಿರುವ ಸ್ವಂತ ಅಕ್ಕ. ಆಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಜಗತ್ತು ಏಳುವ ಹೊತ್ತಿಗೆ ಬಂದು ಮಲಗುತ್ತಾರೆ. ಹಾಗಾಗಿ ಸದ್ದಿನ ಕೆಲಸವನ್ನೆಲ್ಲ ಆಸ್ಪತ್ರೆಯ ವ್ಯಾನು ಬೀದಿಯ ತಿರುವಿಗೆ ಬರುವುದರೊಳಗೆ ಮುಗಿಸಬೇಕು. ಪೈಪಕ್ಕನಿಗೆ ಗಡಿಯಾರವೆಂದರೆ ಆ ವ್ಯಾನೇ.

ಎಂಜಿನ್ ಆರಿಸಿ, ಕೊಳವೆಯ ಕೆಳಗೆ ಟಾರ್ಚ್ ಹಿಡಿದು ನೋಡುತ್ತಾರೆ. ಹಳದಿ ಗೆರೆ ಒಂದು ಕಡೆ ಸುಟ್ಟು ಕರಕಲಾಗಿದೆ, ಅದರಾಚೆ ಹಾಗೇ ಉಳಿದಿದೆ. ಪೇಂಟು ಸುಟ್ಟು ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿ ಎರಡು ಕೊಳವೆಗಳ ನಡುವೆ ಒಂದು ಗಿಡ್ಡ ಅಡ್ಡ ಕೊಳವೆ ಬೆಸೆಯಬೇಕು ಅನ್ನುತ್ತಾರೆ. ಯಾಕೆ ಅಂದರೆ ಅವರ ವಿವರಣೆ ಸರಳ: “ಈ ಎಂಜಿನ್ನಿಗೆ ಆರು ಸಿಲಿಂಡರು. ಮುಂದಿನ ಮೂರು ಒಂದು ಕೊಳವೇಲಿ ಉಸಿರು ಬಿಡ್ತವೆ, ಹಿಂದಿನ ಮೂರು ಇನ್ನೊಂದರಲ್ಲಿ. ಸುಮ್ನೆ ಎರಡು ಕೊಳವೆ ಎಳೆದುಬಿಟ್ರೆ ವಾರಗಿತ್ತಿಯರು ಮಾತು ಬಿಟ್ಟ ಹಾಗೆ, ಅವಳದ್ದು ಅವಳು, ಇವಳದ್ದು ಇವಳು ಕಿರುಚ್ತಾರೆ. ಮಧ್ಯೆ ಒಂದು ಬಾಗಿಲು ಇಟ್ರೆ ಇಬ್ಬರೂ ತಣ್ಣಗಾಗ್ತಾರೆ.”

ಈ ಕೊಳವೆ ಬಗ್ಗಿಸುವ ವಿದ್ಯೆ ಅಪ್ಪನದ್ದು. ಅವರು ಪಂಪು, ಟ್ರ್ಯಾಕ್ಟರುಗಳಿಗೆ ಹೊಗೆ ಕೊಳವೆ ಮಾಡುತ್ತಿದ್ದರು. ಕೊಳವೆಯೊಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬಿರಡೆ ಜಡಿದು, ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಒಂದು ಸುಕ್ಕೂ ಬೀಳುವುದಿಲ್ಲ. ಮರಳು ಚೂರು ಹಸಿಯಿದ್ದರೆ ಒಳಗೆ ಆವಿ ಕಟ್ಟಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಪೈಪಕ್ಕನ ಎಡ ಹುಬ್ಬಿನ ಮೇಲೆ ಅಂಥದ್ದೊಂದು ಬಿರಡೆಯ ಗುರುತಿದೆ. ಆ ಗಾಯಕ್ಕೆ ಮೊದಲ ಪಟ್ಟಿ ಕಟ್ಟಿದ್ದು ಇನ್ನೂ ಲಂಗ ತೊಡುತ್ತಿದ್ದ ಅಕ್ಕ. “ಅವತ್ತೇ ತೀರ್ಮಾನ ಆಯ್ತು,” ಎಂದು ನಗುತ್ತಾರೆ. “ಗಾಯ ಮಾಡ್ಕೊಳ್ಳೋಳು ನಾನು, ಕಟ್ಟೋಳು ಅವಳು.”

ದಿನಕ್ಕೆ ಮೂರೋ ನಾಲ್ಕೋ ಗಾಡಿ ಬರುತ್ತವೆ. ಹೆಚ್ಚಿನವು ಆಟೋ, ಸಾಮಾನು ಸಾಗಿಸುವ ಟೆಂಪೋ. ಸೈಲೆನ್ಸರ್ ಕಿತ್ತೆಸೆದು ಬೀದಿಯ ಕಿವಿ ಹರಿಯುವ ಪುಂಡರು ಬಂದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹಾಗೆ ಕಿತ್ತುಕೊಡುವ ಕೆಲಸಕ್ಕೆ ಒಂದು ಸುತ್ತಿಗೆ ಸಾಕು. ಅದನ್ನೂ ಕಸುಬು ಅನ್ನುವವರಿಗೆ ನಾಚಿಕೆಯಾಗಬೇಕು. ಸದ್ದನ್ನು ಹದ ಮಾಡುವುದಕ್ಕೆ ಕಿವಿ ಬೇಕು, ತಾಳ್ಮೆ ಬೇಕು.

ಕೆಂಪು ಕಾರು ತಂದವರು ಒಬ್ಬ ಹಲ್ಲಿನ ಡಾಕ್ಟರು. ಅದರ ವಯಸ್ಸು ಅವರಿಗಿಂತ ಹೆಚ್ಚು. ಮೂಲದ ಒಂಟಿ ಕೊಳವೆ ತುಕ್ಕು ಹಿಡಿದು ಪುಡಿಯಾಗಿತ್ತು. ಹಿಂದೆ ಎರಡು ಕೊಳವೆ ಬೇಕು, ಸದ್ದು ಗಂಭೀರವಾಗಿರಬೇಕು, ಗಲಾಟೆ ಇರಬಾರದು ಎಂದು ಕೇಳಿದ್ದರು. “ನಿಮ್ಮ ಹಲ್ಲು ಕೊರೆಯೋ ಮಿಷನ್ನಿಗೆ ಮೊದಲು ಒಂದು ಸೈಲೆನ್ಸರ್ ಹಾಕೋಣ ಬಿಡಿ ಡಾಕ್ಟ್ರೇ,” ಎಂದು ಪೈಪಕ್ಕ ಕಾಲೆಳೆದಿದ್ದರು. ಆದರೆ ಕೊಳವೆ ತೂತುಬಿದ್ದ ಆ ಕಾರು ಷೆಡ್ಡಿಗೆ ನುಗ್ಗಿದ ಗದ್ದಲಕ್ಕೆ ಮೇಲೆ ಮಲಗಿದ್ದ ಅಕ್ಕ ಕೆದರಿದ ತಲೆಯಲ್ಲೇ ಇಳಿದು ಬಂದರು. ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ನಿಂತು ನೆಟ್ಟಗೆ ಹೇಳಿದರು: “ನಾನು ಆಸ್ಪತ್ರೇಲಿ ತೂಕಡಿಸಿದ್ರೆ ಒಬ್ಬರ ಜೀವ ಹೋಗುತ್ತೆ ಕಣೇ. ಮನೆ ನನ್ನ ಹೆಸರಲ್ಲಿದೆ. ಈ ಕಾರು ಇನ್ನೊಂದು ಸಲ ನನ್ನನ್ನ ಎಬ್ಬಿಸ್ತು ಅಂದ್ರೆ ನಿನ್ನ ಷೆಡ್ಡು ಊರಾಚೆ.”

ಊರಾಚೆ ಹೋದರೆ ಅಷ್ಟು ದೂರ ಯಾವ ಆಟೋದವನು ಬರುತ್ತಾನೆ? ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಕ್ಕ ಏಳುವುದು ಮಧ್ಯಾಹ್ನ. ಅಕ್ಕತಂಗಿಯರು ಎದುರುಬದುರು ಕೂತು ಉಣ್ಣುವುದು ಅದೊಂದೇ ಹೊತ್ತು. ಇಬ್ಬರಿಗೂ ಬೇರೆ ಯಾರೂ ಇಲ್ಲ. ಪೈಪಕ್ಕ ಈ ಮಾತನ್ನು ಹೇಳುವಾಗ ಮುಖ ತಿರುಗಿಸಿ, ತಿಕ್ಕಿದ ಕೊಳವೆಯನ್ನೇ ಮತ್ತೆ ತಿಕ್ಕುತ್ತಾರೆ.

ಅಡ್ಡ ಕೊಳವೆ ಬೆಸೆದು, ಸೈಲೆನ್ಸರ್‌ಗಳನ್ನು ಕೂರಿಸಿ, ರಬ್ಬರಿನ ಕೊಂಡಿಗಳಲ್ಲಿ ಎಲ್ಲವನ್ನೂ ತೂಗುಹಾಕಿದ್ದಾಯಿತು. ಲಿಫ್ಟಿನ ಮೇಲೆ ಎಂಜಿನ್ ಮೆತ್ತಗೆ ಗುನುಗಿತು. ಆದರೆ ಕಾರನ್ನು ಕೆಳಗಿಳಿಸಿದ್ದೇ ತಡ, ಒಳಗಿಂದ ಝುಂಯ್ ಎಂಬ ಅದುರು. ಅಕ್ಕ ಆಗಲೇ ಬಂದು ಮಲಗಿದ್ದರು; ಅದುರು ಎಲ್ಲಿಯದೆಂದು ನೋಡಲು ಡಾಕ್ಟರು ಒಂದು ಸುತ್ತು ಹೊರಟರು. ಐಸ್ ಕಾರ್ಖಾನೆಯ ಮುಂದಿನ ರಸ್ತೆಯುಬ್ಬು ಹತ್ತಿದಾಗ ಠಣ್, ಇಳಿದಾಗ ಠಣ್. ಮೇಲಿನ ಕಿಟಕಿ ತೆರೆಯಿತು. ಅಕ್ಕ ಅಷ್ಟೇ ಸದ್ದು ಮಾಡಿ ಅದನ್ನು ಮುಚ್ಚಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ತೀರ್ಪು ಕೊಟ್ಟರು: ಇದೊಂದು ಕೊನೇ ಅವಕಾಶ, ನಾಳೆ ನಾನು ಮಲಗಿದ ಮೇಲೆ ಇದನ್ನ ಚಾಲೂ ಮಾಡು; ಎದ್ದರೆ ಮುಗಿಯಿತು.

ತಪ್ಪು ಎಲ್ಲಾಯಿತೆಂದು ಪೈಪಕ್ಕನಿಗೆ ತುತ್ತು ಬಾಯಲ್ಲಿರುವಾಗಲೇ ಹೊಳೆಯಿತಂತೆ. ಅಪ್ಪನ ಕಾಲದಿಂದಲೂ ಅವರು ದುಡಿದದ್ದು ನೆಲದ ಗುಂಡಿಯೊಳಗೆ ಇಳಿದು. ಅಲ್ಲಿ ಕಾರಿನ ಭಾರ ಚಕ್ರದ ಮೇಲೇ ಇರುತ್ತದೆ. ಕತ್ತುನೋವು ಬಂದ ಮೇಲೆ ಅಕ್ಕನೇ ಹಟ ಹಿಡಿದು ಹಳೇ ಲಿಫ್ಟ್ ಹಾಕಿಸಿದ್ದರು. ಲಿಫ್ಟ್ ಕಾರಿನ ಮೈಯನ್ನು ಎತ್ತುತ್ತದೆ, ಚಕ್ರಗಳು ಕೆಳಗೆ ಜೋಲುತ್ತವೆ, ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲ್ ಕೂಡ ಜೋಲುತ್ತದೆ. ಆಗ ಅದರ ಮೇಲೆ ಕೊಳವೆ ಹಾಯಿಸಲು ಧಾರಾಳ ಜಾಗ ಕಾಣುತ್ತದೆ. ಕಾರು ನೆಲಕ್ಕೆ ಕೂತರೆ ಆಕ್ಸಲ್ ಮೇಲೇರಿ ಕೊಳವೆಗೆ ಒರಗುತ್ತದೆ. “ಮಲಗಿದೋರ ಅಳತೆ ತಗೊಂಡು ಕೂತಿರೋರಿಗೆ ಬಟ್ಟೆ ಹೊಲಿದೆ ನೋಡಿ,” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಗುಂಡಿಯ ಮೇಲಿನ ಹಲಗೆಗಳನ್ನು ಕಿತ್ತು, ಗುಜರಿ ಸರಿಸಿ, ಕಾರನ್ನು ಅದರ ಮೇಲೆ ತಂದರು. ಆದರೆ ತಾಗುವ ಜಾಗ ಆಕ್ಸಲ್‌ನ ಮರೆಯಲ್ಲಿ. ಕಣ್ಣಿಗೂ ಕಾಣದು, ಬೆರಳಿಗೂ ಸಿಗದು. ಅಂದಾಜಿನ ಮೇಲೆ ಕತ್ತರಿಸಿದರೆ ಮತ್ತೊಂದು ಕೊಳವೆ ದಂಡ. ಆಗ ಡಾಕ್ಟರು ಅಂಗಿಯ ಜೇಬಿನಿಂದ ಪುಟ್ಟ ನೀಲಿ ಕಾಗದದ ಪಟ್ಟಿ ತೆಗೆದರು. ಹಲ್ಲಿಗೆ ಸಿಮೆಂಟು ತುಂಬಿದ ಮೇಲೆ ಕಚ್ಚಿ ನೋಡಿ ಎಂದು ನಡುವೆ ಇಡುತ್ತಾರಲ್ಲ, ಅದೇ. ಎತ್ತರವಾದ ಕಡೆ ನೀಲಿ ಗುರುತು ಬೀಳುತ್ತದೆ.

“ಇದಕ್ಕೂ ಕಚ್ಚಿಸಿ ನೋಡೋಣವಾ ಪೈಪಕ್ಕಾ?”

ಪೈಪಕ್ಕ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಪೇಂಟಿನ ಗೆರೆ ಎಳೆದು ಬಿಸಿ ಹುಡುಕುವವರಿಗೆ ಇದು ಅರ್ಥವಾಗಲು ಎಷ್ಟು ಹೊತ್ತು? ತಂತಿಯ ತುದಿಗೆ ಸಿಕ್ಕಿಸಿ ಸಂದಿಗೆ ತೂರಿಸಿದರು. ಆಮೇಲೆ ಇಬ್ಬರೂ ಕಾರಿನ ಹಿಂಬದಿ ಹತ್ತಿ ಕೂತು, ಉಯ್ಯಾಲೆಯ ಮೇಲಿನ ಮಕ್ಕಳಂತೆ ಕುಪ್ಪಳಿಸಿದರು. ಗುಂಡಿಗಿಳಿದು, ಚಿಕ್ಕ ಕನ್ನಡಿ ಹಿಡಿದು ನೋಡಿದರೆ ನೀಲಿ ಗುರುತು ಅಂದುಕೊಂಡಂತೆ ಕೊಳವೆಯ ತಳದಲ್ಲಿ ಇರಲಿಲ್ಲ. ಬಾಗಿನ ಪಕ್ಕದಲ್ಲಿ, ಉಗುರಿನಷ್ಟು ಅಗಲ ಬಿದ್ದಿತ್ತು. ಪೈಪಕ್ಕ ಆ ಬಾಗನ್ನು ಕತ್ತರಿಸಿ, ಮರಳು ಹುರಿದು ತುಂಬಿ, ಹೊಸದನ್ನು ಬಗ್ಗಿಸಿ, ಕಾರು ಗುಂಡಿಯ ಮೇಲಿರುವಾಗಲೇ ಬೆಸೆದರು. ಆ ದಿನ ಕತ್ತು ತಿರುಗಿಸಲು ಆಗಲಿಲ್ಲವಂತೆ. ಅಕ್ಕ ಡ್ಯೂಟಿಗೆ ಹೊರಡುವ ಮುನ್ನ ತಂಗಿಯ ಕತ್ತಿಗೆ ಮುಲಾಮು ತಿಕ್ಕಿ ಹೋದರು.

ಮಾರನೆಯ ಬೆಳಿಗ್ಗೆ ವ್ಯಾನು ಬರುತ್ತದೆ. ಅಕ್ಕ ಷೆಡ್ಡಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತುತ್ತಾರೆ. ಕಿಟಕಿಯ ಪರದೆ ಇಳಿಯುತ್ತದೆ. ನಿದ್ದೆ ಹತ್ತುವಷ್ಟು ಹೊತ್ತು ಬಿಟ್ಟು ಪೈಪಕ್ಕ ಕಣ್ಸನ್ನೆ ಮಾಡುತ್ತಾರೆ. ಡಾಕ್ಟರು ಕೀಲಿ ತಿರುಗಿಸುತ್ತಾರೆ. ತಗಡಿನ ಮಾಡು ಸುಮ್ಮನಿದೆ. ಸ್ಪ್ಯಾನರ್‌ಗಳು ಮೊಳೆಯಲ್ಲಿ ನೆಟ್ಟಗೆ ನೇತಾಡುತ್ತಿವೆ. ಪೈಪಕ್ಕ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡು ಕೊಳವೆಗಳ ಬಾಯಿಗೆ ಒಂದೊಂದು ಅಂಗೈ ಒಡ್ಡುತ್ತಾರೆ. ಎರಡೂ ಕೈಗೆ ಒಂದೇ ಸಮ ಬೆಚ್ಚನೆಯ ಉಸಿರು.

ಅಷ್ಟರಲ್ಲಿ ಕಿಟಕಿ ತೆರೆಯುತ್ತದೆ. ಪೈಪಕ್ಕ ತಟ್ಟನೆ ತಲೆಯೆತ್ತುತ್ತಾರೆ.

“ಏನೇ, ಇನ್ನೂ ಎಷ್ಟು ಹೊತ್ತು ಕಾಯಿಸ್ತೀಯ?” ಅಕ್ಕ ಆಕಳಿಸುತ್ತ ಕೇಳುತ್ತಾರೆ. “ಯಾವಾಗ ಚಾಲೂ ಮಾಡ್ತೀಯೋ ಅಂತ ಕಿವಿ ನೆಟ್ಟುಕೊಂಡು ನಿದ್ದೇನೇ ಬರ್ತಿಲ್ಲ. ಬೇಗ ಮುಗಿಸಬಾರದಾ?”

ಪೈಪಕ್ಕ ಎದ್ದು ನಿಲ್ಲುತ್ತಾರೆ. ಎರಡು ಕೊಳವೆಗಳ ಕಡೆ ಬೆರಳು ತೋರಿಸುತ್ತಾರೆ. ಬೆಳಗಿನ ಚಳಿಯಲ್ಲಿ ಎರಡರಿಂದಲೂ ಬಿಳಿ ಆವಿ ಎಳೆ ಎಳೆಯಾಗಿ ಹೊರಡುತ್ತಿದೆ. ಅಕ್ಕ ಬಗ್ಗಿ ನೋಡುತ್ತಾರೆ, ಇನ್ನೂ ಬಗ್ಗಿ ಕಿವಿ ಕೊಡುತ್ತಾರೆ. ಆಮೇಲೆ ಕಿಟಕಿಯನ್ನು, ಈ ಸಲ ಮೆಲ್ಲಗೆ, ಮುಚ್ಚಿಕೊಳ್ಳುತ್ತಾರೆ.

“ಐಸ್ ಕಾರ್ಖಾನೆ ದಾಟೋವರೆಗೆ ಮೆಲ್ಲಗೆ ಹೋಗಿ ಡಾಕ್ಟ್ರೇ. ಆಮೇಲೆ ನಿಮ್ಮಿಷ್ಟ,” ಎನ್ನುತ್ತಾರೆ ಪೈಪಕ್ಕ. ಕಾರು ಉಬ್ಬು ಹತ್ತಿ ಇಳಿಯುತ್ತದೆ, ಠಣ್ ಇಲ್ಲ. ತಿರುವಿನಾಚೆ ಡಾಕ್ಟರು ಕಾಲೊತ್ತಿರಬೇಕು, ತುಂಬುಗಂಟಲಿನ ದನಿಯೊಂದು ದೂರದಿಂದ ಬಂದು ಕರಗುತ್ತದೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಪೈಪಕ್ಕ ಮೊದಲು ಮೇಲಿನ ಕಿಟಕಿ ನೋಡುತ್ತಾರೆ, ಆಮೇಲೆ ದನಿ ತಗ್ಗಿಸುತ್ತಾರೆ.

“ಒಂದು ರಜಾ ದಿನ ಡಾಕ್ಟ್ರನ್ನ ಕೇಳಿ ಆ ಕಾರು ಇಸ್ಕೊಬೇಕು. ಹೇಗೂ ಎರಡೇ ಸೀಟು. ಅಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಎಲ್ಲಾದರೂ ದೂರ ಹೋಗ್ಬೇಕು. ದಾರೀಲಿ ಅವಳು ನಿದ್ದೆ ಮಾಡ್ಬೇಕು. ಅಷ್ಟೇ.”