ಚೈನು ಕಟ್ಟಿದ ಟ್ರಾಕ್ಟರಿನಲ್ಲಿ ಅಕ್ಕನ ಸೀಟು

ಮಕ್ಕಳೇ, ನಾನು ಚಿಕ್ಕವನಿದ್ದಾಗ ನನಗೊಂದು ದೊಡ್ಡ ಕಾಯಿಲೆ ಇತ್ತು. ಅದರ ಹೆಸರು ಹೊಟ್ಟೆಕಿಚ್ಚು. ಅಕ್ಕನ ತಟ್ಟೆಯ ದೋಸೆ ನನ್ನದಕ್ಕಿಂತ ಒಂದು ಬೆರಳು ಅಗಲವಿದ್ದರೂ ನನಗೆ ಉರಿಯುತ್ತಿತ್ತು. ಆಗ ನನಗೆ ಏಳು ವರ್ಷ, ಅವಳಿಗೆ ಹನ್ನೆರಡು. ಅಪ್ಪನಿಗೆ ನಿಮ್ಮ ಈ ಹಿಮದ ದೇಶದ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ಎರಡು ವರ್ಷದ ಸಂಶೋಧನೆಯ ಕೆಲಸ ಸಿಕ್ಕಿತ್ತು. ಅಲ್ಲಿಂದ ಸ್ವಲ್ಪ ದೂರದ ಗುಡ್ಡದ ಮೇಲೆ ಒಂದು ಮರದ ಮನೆಯಲ್ಲಿ ನಾವು ಬಾಡಿಗೆಗಿದ್ದೆವು.

ಆ ಗುಡ್ಡದ ದಾರಿ ಸರ್ಕಾರದ್ದಲ್ಲ, ಅಲ್ಲಿದ್ದ ಏಳು ಮನೆಯವರದ್ದು. ಚಳಿಗಾಲದಲ್ಲಿ ಹಿಮ ತಳ್ಳುವ ಕೆಲಸ ವಾರಕ್ಕೊಂದು ಮನೆಯ ಸರದಿ. ಅದಕ್ಕಾಗಿ ಪಕ್ಕದ ಮನೆಯ ಮುದುಕರೊಬ್ಬರು ತಮ್ಮ ಹಳೆಯ ಟ್ರಾಕ್ಟರನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಮುಂದೆ ಹಿಮ ತಳ್ಳುವ ಕಬ್ಬಿಣದ ಹಲಗೆ, ಹಿಂದಿನ ದೊಡ್ಡ ಚಕ್ರಗಳಿಗೆ ಬಲೆಯಂತೆ ಸುತ್ತಿದ ದಪ್ಪ ಚೈನು. ಚೈನಿಲ್ಲದಿದ್ದರೆ ಮೇಲಿನ ಜಲ್ಲಿ ದಾರಿಯ ಮಂಜುಗಡ್ಡೆಯಲ್ಲಿ ಟ್ರಾಕ್ಟರು ಜಾರುತ್ತಿತ್ತು. ಆದರೆ ಕೆಳಗಿನ ಅರ್ಧ ದಾರಿಗೆ ಆ ವರ್ಷವಷ್ಟೇ ಡಾಂಬರು ಹಾಕಿದ್ದರು. ಚೈನು ಡಾಂಬರನ್ನು ಕೆರೆದು ಹಾಳುಮಾಡುತ್ತಿದ್ದರಿಂದ, ಅದು ಶುರುವಾಗುವ ಕಡೆ ನಿಲ್ಲಿಸಿ, ಚೈನು ಬಿಚ್ಚಿ, ಆಮೇಲೆ ಇಳಿಯಬೇಕು.

"ನಮ್ಮ ಕಡೆ ಕೆಸರುಗದ್ದೆಯ ಕಬ್ಬಿಣದ ಕೇಜ್ ವೀಲ್ ಹಾಕ್ಕೊಂಡೇ ರೋಡಿಗೆ ಬಂದ್ರೆ ಊರವರು ಬಿಡ್ತಾರಾ? ಇದೂ ಹಾಗೇ," ಎಂದು ಅಪ್ಪ ನಮಗೆ ಹೇಳಿದ್ದರು. ಮಂಡ್ಯದ ಗದ್ದೆಗಳಲ್ಲಿ ಟ್ರಾಕ್ಟರು ಓಡಿಸಿ ಬೆಳೆದವರು ಅವರು. ಇಲ್ಲಿ ಆ ಏಳು ಮನೆಗಳ ಪೈಕಿ ಹೊರಗಿನವರೆಂದರೆ ನಾವು ಮಾತ್ರ, ನಮ್ಮ ಸರದಿಯಲ್ಲಿ ಒಂದು ಮಾತೂ ಬರಬಾರದೆಂದು ಅವರಿಗೆ ಬಹಳ ಕಾಳಜಿ ಇತ್ತು.

ನಮ್ಮ ವಾರ ಬಂತು. ಚೈನನ್ನು ಹಿಮದ ಮೇಲೆ ಹಾಸಿ, ಕೈಸನ್ನೆ ಮಾಡಿ ಟ್ರಾಕ್ಟರನ್ನು ಅದರ ಮೇಲೆ ಹತ್ತಿಸಿ, ಕೊಕ್ಕೆ ಸಿಕ್ಕಿಸುವುದು ಅಕ್ಕ. ಆಮೇಲೆ ಮಡ್‌ಗಾರ್ಡಿನ ಮೇಲಿದ್ದ ಪುಟ್ಟ ಸೀಟಿನಲ್ಲಿ ಮಹಾರಾಣಿಯಂತೆ ಕೂರುವುದೂ ಅಕ್ಕನೇ. ದಾರಿಯ ಅಂಚು ತಿಳಿಯಲೆಂದು ಅಲ್ಲಲ್ಲಿ ಕಿತ್ತಳೆ ಬಣ್ಣದ ಕೋಲುಗಳನ್ನು ನೆಟ್ಟಿರುತ್ತಾರಲ್ಲ, ಡಾಂಬರು ಶುರುವಾಗುವ ಕಡೆಯ ಕೋಲಿಗೆ ಅವಳು ಕೆಂಪು ರಿಬ್ಬನ್ ಕಟ್ಟಿದ್ದಳು. ಅದು ಕಂಡೊಡನೆ "ಅಪ್ಪಾ, ನಿಲ್ಸಿ!" ಎಂದು ಕೂಗುತ್ತಿದ್ದಳು. ಅಪ್ಪ ನಿಲ್ಲಿಸಿಬಿಡುತ್ತಿದ್ದರು. ಅಷ್ಟು ದೊಡ್ಡ ಟ್ರಾಕ್ಟರು ಅವಳ ಒಂದು ಮಾತಿಗೆ ನಿಲ್ಲುತ್ತಿತ್ತು! ನನಗೆ ಸಿಕ್ಕಿದ್ದು ಮೆಟ್ಟಿಲು ಗುಡಿಸುವ ಪೊರಕೆ.

ಮೂರು ದಿನ ಹೇಗೋ ತಡೆದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ, ಇನ್ನೂ ಮಬ್ಬುಗತ್ತಲೆ, ಅವರಿಬ್ಬರೂ ಚೈನು ಕಟ್ಟುತ್ತಿದ್ದಾಗ ನಾನು ಕೆಳಗೆ ಓಡಿದೆ. ರಿಬ್ಬನ್ ಬಿಚ್ಚಿ ಇನ್ನೂ ನಾಲ್ಕು ಕೋಲುಗಳಷ್ಟು ಕೆಳಗಿನ ಕೋಲಿಗೆ ಕಟ್ಟಿದೆ. ಅಕ್ಕನಿಗೆ ಬೈಗುಳ ಬೀಳಲಿ, ಸೀಟು ನನ್ನದಾಗಲಿ, ಅಷ್ಟೇ ನನ್ನ ಆಸೆ. ಒಂದು ಮರದ ಹಿಂದೆ ಅಡಗಿ ನಿಂತೆ.

ಟ್ರಾಕ್ಟರು ಡೀಸೆಲ್ ವಾಸನೆ ಕಕ್ಕುತ್ತ ಇಳಿದು ಬಂತು. ಜಲ್ಲಿಯ ಮೇಲೆ ಚೈನು ಚರ್ ಚರ್ ಎನ್ನುತ್ತಿತ್ತು. ಡಾಂಬರಿಗೆ ಬಂದದ್ದೇ ಆ ಸದ್ದು ಬದಲಾಯಿತು. ಹಲ್ಲು ಜುಮ್ಮೆನ್ನುವಂಥ ಕರಕರ ಸದ್ದು. ಕಿವಿಯವರೆಗೆ ಟೋಪಿ ಎಳೆದುಕೊಂಡಿದ್ದ ಅಪ್ಪನಿಗೆ ತಿಳಿಯುವಷ್ಟರಲ್ಲಿ ಚಕ್ರದ ಕೆಳಗೆ ಕಿಡಿ ಹಾರಿತು. ಅವರು ಬ್ರೇಕ್ ಒತ್ತಿದರು. ಚೈನಿನ ಒಂದು ಕೊಂಡಿ ಕಡಿದು, ಅಕ್ಕ ಕೂತಿದ್ದ ಮಡ್‌ಗಾರ್ಡಿಗೆ ಢಂ ಎಂದು ಬಡಿಯಿತು.

ಹೀಗಾಗಬಹುದೆಂದು ನಾನು ಅಂದುಕೊಂಡೇ ಇರಲಿಲ್ಲ.

ಹೊಸ ಡಾಂಬರಿನ ಮೇಲೆ ಉದ್ದಕ್ಕೂ ಬಿಳಿ ಗೀರುಗಳು, ಕೆಲವು ಕಡೆ ಗುಳಿ. ಅಪ್ಪನ ಮುಖ ಕಪ್ಪಿಟ್ಟಿತು. "ಎಲ್ಲಿತ್ತು ನಿನ್ನ ಕಣ್ಣು? ನಿನ್ನ ನಂಬಿದ್ದು ನನ್ನ ತಪ್ಪು!" ಎಂದು ಅಕ್ಕನ ಮೇಲೆ ಹರಿಹಾಯ್ದರು. ಅಕ್ಕ ಬರಿದಾದ ಕೋಲನ್ನು ನೋಡಿದಳು. ಅಲ್ಲಿಂದ ಕೆಳಗಿನ ಕೋಲಿನವರೆಗೆ, ಅಲ್ಲಿಂದ ನನ್ನ ಮರದವರೆಗೆ, ಹಿಮದ ಮೇಲೆ ಪುಟ್ಟ ಬೂಟಿನ ಗುರುತುಗಳಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡೂ ಕಾಲನ್ನು ಹಿಮದೊಳಗೆ ಆಳಕ್ಕೆ ಹೂತುಕೊಂಡೆ. ಅವಳು ನನ್ನನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ನಾನೇ ಸರಿಯಾಗಿ ನೋಡ್ಲಿಲ್ಲ, ಅಪ್ಪ," ಎಂದಳು.

ಸದ್ದು ಕೇಳಿ ಮುದುಕರು ಬಂದರು. ಗೀರುಗಳನ್ನು ನೋಡಿ, ಓಹೋ ಹೀಗೋ ಎಂಬಂತೆ "ಯಾಹಾ" ಎಂದರು, ಮನೆಗೆ ಹೊರಟುಹೋದರು. ನಿಮಗೇ ಗೊತ್ತಲ್ಲ, ಇಲ್ಲಿಯವರ ಸಿಟ್ಟೆಲ್ಲ ಆ ಒಂದು ಮಾತಿನಲ್ಲೇ ಮುಗಿಯುತ್ತದೆ. "ನಾಲ್ಕು ಬೈದಿದ್ರೂ ಚೆನ್ನಾಗಿತ್ತು," ಎಂದು ಅಪ್ಪ ಸಂಜೆಯವರೆಗೂ ಕೊರಗಿದರು.

ಮಾರನೆಯ ದಿನ ಅಪ್ಪ ಸೀಟು ತೋರಿಸಿ "ಇವತ್ತು ನೀನು ಹತ್ತು" ಎಂದರು, ನನಗೆ! ಅಪ್ಪ ರಾತ್ರಿಯೇ ಸರಿಮಾಡಿದ್ದ ಚೈನಿನ ಕೊಕ್ಕೆ ಸಿಕ್ಕಿಸಿ ಅಕ್ಕ ಬಂದಳು. ತನ್ನ ಮಫ್ಲರ್ ತೆಗೆದು ನನ್ನ ಕುತ್ತಿಗೆಗೆ ಸುತ್ತಿದಳು. "ಮೇಲೆ ಗಾಳಿ ಜಾಸ್ತಿ ಕಣೋ. ಗಟ್ಟಿಯಾಗಿ ಹಿಡ್ಕೋ," ಎಂದಳು. ಪೊರಕೆ ಹಿಡಿದು ಮೆಟ್ಟಿಲಿಗೆ ಹೋದಳು. ಬೇಕುಬೇಕೆಂದು ಒದ್ದಾಡಿದ ಆ ಸೀಟಿನಲ್ಲಿ ಕೂತು ನಾನು ದಾರಿಯುದ್ದಕ್ಕೂ ಅತ್ತೆ. ಚಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದುಕೊಂಡರು ಅಪ್ಪ. ರಿಬ್ಬನ್ನಿನ ವಿಷಯ ಅಕ್ಕ ಇವತ್ತಿನವರೆಗೂ ಎತ್ತಿಲ್ಲ. ನನಗೂ ಹೇಳುವ ಧೈರ್ಯ ಬಂದಿಲ್ಲ.

ಮಕ್ಕಳೇ, ಈಗ ನೀವಿರುವ ಈ ಸುಂಡ್‌ಬೀಬರ್ಯ್‌ನಲ್ಲಿ ನೀವು ಏಳುವ ಮೊದಲೇ ಯಾವುದೋ ಯಂತ್ರ ಹಿಮ ತಳ್ಳಿ ಹೋಗಿರುತ್ತದೆ. ಯಾರ ಸರದಿ ಎಂದು ಯಾರೂ ಕೇಳುವುದಿಲ್ಲ. ನೀವು ಕಿತ್ತಾಡಬಾರದೆಂದು ನಿಮ್ಮಮ್ಮ ಎಲ್ಲವನ್ನೂ ಎರಡೆರಡು ತರುತ್ತಾಳೆ: ಎರಡು ಟ್ಯಾಬ್, ಎರಡು ಜಾರುಬಂಡಿ. ನಮಗೆ ಇದ್ದದ್ದು ಒಂದೇ ಸೀಟು. ಈಗ ಅಕ್ಕ ಮಂಡ್ಯದಿಂದ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡುತ್ತಾಳೆ. ನೀವಿಬ್ಬರೂ ಅಜ್ಜನಾದ ನನ್ನನ್ನು ಪಕ್ಕಕ್ಕೆ ತಳ್ಳಿ "ದೊಡ್ಡಜ್ಜಿ, ದೊಡ್ಡಜ್ಜಿ" ಎಂದು ಫೋನಿಗೆ ಮುತ್ತುತ್ತೀರಿ. ಇಷ್ಟು ವಯಸ್ಸಾದರೂ ನನಗೆ ಒಳಗೊಳಗೇ ಉರಿಯುತ್ತದೆ. ಆದರೆ ಯಾರನ್ನೂ ದೂರುವ ಹಾಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನನ್ನನ್ನು ಬಿಟ್ಟು ಅವಳ ಹತ್ತಿರವೇ ಓಡುತ್ತಿದ್ದೆ.