ಜೋಳದ ಚೀಲದ ಹಿಂದಿನ ಹೊಲಿಗೆ ಮಷಿನ್

ಕೌಶಲ್ಯವೇ ನಾಡಿನ ನಿಜವಾದ ಸಂಪತ್ತು. ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಸಂಪತ್ತು ಆದ್ದರಿಂದಲೇ, ಸರಕಾರದವರು ಬರುತ್ತಾರೆಂದು ಗೊತ್ತಾದ ಕೂಡಲೇ ನಮ್ಮೂರಲ್ಲಿ ಅದನ್ನು ಬಚ್ಚಿಡುತ್ತಾರೆ.

ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ವಳಸಂಗದ ಕಡೆ ಇದು ಹಳೆಯ ಪದ್ಧತಿ. ಸರ್ವೇ ಯಾವುದೇ ಬರಲಿ, ಮೋಟರ್ ಸೈಕಲ್ಲುಗಳು ಹೊಲಕ್ಕೆ ಹೋಗುತ್ತವೆ, ಫ್ರಿಜ್ಜುಗಳು ಕೌದಿ ಹೊದ್ದುಕೊಳ್ಳುತ್ತವೆ. ಇದ್ದದ್ದು ಹೇಳಿದವನ, ಬಡವರಿಗೆಂದು ಕೊಡುವ ಹಳದಿ ರೇಷನ್ ಕಾರ್ಡು ಹೋಗುತ್ತದೆ ಎಂಬುದು ನಮ್ಮ ಶಾಸ್ತ್ರ. ಹಾಗಾಗಿ, ಯಾರಿಗೆ ಯಾವ ಕಸುಬು ಬರುತ್ತದೆಂದು ಮನೆಮನೆಗೆ ಬಂದು ಕೇಳುತ್ತಾರೆ, ಅದರ ಮೇಲೆ ತರಬೇತಿಯ ಯೋಜನೆ ಮಾಡುತ್ತಾರೆ ಎಂದು ಪಂಚಾಯಿತಿಯವರು ಸಾರಿದಾಗ, ನಮ್ಮಣ್ಣ ಎದ್ದು ನೇರ ತನ್ನ ಹೆಂಡತಿಯ, ಅಂದರೆ ನಮ್ಮ ವೈನಿಯ, ಹೊಲಿಗೆ ಮಷಿನ್ನಿನ ಕಡೆ ನಡೆದ.

ಅರ್ಧ ಊರಿನ ಜಂಪರು ಹೊಲಿಯುವವರು ನಮ್ಮ ವೈನಿ. ಊರಲ್ಲಿ ಹೊಲಿಗೆ ತರಗತಿ ಶುರುವಾಗುತ್ತದೆ, ಕಲಿಸುವವರನ್ನೂ ಊರಿನಿಂದಲೇ ಆರಿಸುತ್ತಾರೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಬಾಯಾರ ಅನ್ನುತ್ತಾರೆ. ಅರ್ಧಕ್ಕೇ ಸಾಲಿ ಬಿಟ್ಟ ವೈನಿಗೆ ಒಮ್ಮೆ ಬಾಯಾರ ಅನ್ನಿಸಿಕೊಳ್ಳಬೇಕಿತ್ತು.

"ಮುಚ್ಚಬ್ಯಾಡ್ರಿ. ಈ ಸಲ ಅವ್ರು ಕೊಡಾಕ ಬರಾಕತ್ತಾರ" ಎಂದರು ವೈನಿ.

"ಕೊಡಾಕ ಬರೋರು ನಿನಗೇನ್ ಬರ್ತೈತಿ ಅಂತ ಯಾಕ ಕೇಳ್ತಾರ?" ಎಂದ ಅಣ್ಣ. "ಲಗ್ನಕ್ಕ ಕರಿಯೋರು, ನಿನಗ ಹೋಳಿಗಿ ತಿನ್ನಾಕ ಬರ್ತೈತೇನು ಅಂತ ಕೇಳ್ತಾರೇನು?"

ಸಂಶಯದಲ್ಲಿ ನಾನೂ ಅವನ ತಮ್ಮನೇ. ಇಬ್ಬರೂ ಸೇರಿ ಮಷಿನ್ನನ್ನು ಮೂಲೆಗೆ ದಬ್ಬಿ, ಮುಂದೆ ಜೋಳದ ಚೀಲ ಒಟ್ಟಿದೆವು.

ಬಂದವಳು ಎಳೆಯ ವಯಸ್ಸಿನ ಅಧಿಕಾರಿ. ಮರಾಠಿಯಲ್ಲಿ ಶುರುಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಇಳಿದಳು. ಚಹಾ ಬೇಡ ಎಂದಳು. ಚಹಾ ಒಲ್ಲೆನ್ನುವ ಸರಕಾರಿ ಮನುಷ್ಯರನ್ನು ನಾನು ಆವರೆಗೆ ಕಂಡಿರಲಿಲ್ಲ. ಸಂಶಯ ಇನ್ನಷ್ಟು ಗಟ್ಟಿಯಾಯಿತು.

"ಮನ್ಯಾಗ ಯಾರಿಗರೆ ಕಸಬು ಬರ್ತೈತೇನ್ರಿ? ಅಕ್ಕಾರಿಗೆ ಹೊಲಿಗಿ?"

"ಆಕಿಗೆ ಸೂಜ್ಯಾಗ ದಾರ ಪೋಣಸಾಕೂ ಬರೂದಿಲ್ರಿ" ಎಂದ ಅಣ್ಣ, ಗುಡಿಯಲ್ಲಿ ಆಣೆ ಮಾಡುವವನ ಗಾಂಭೀರ್ಯದಿಂದ.

ಅಷ್ಟರಲ್ಲಿ ಬಾಗಿಲಲ್ಲಿ ನೆರೆಮನೆಯ ಕಾಕು. "ಏ ಯವ್ವಾ, ನನ್ನ ಜಂಪರ್ ಆತೇನ? ನಾಳೆ ದರಿಬಡಚಿಗೆ ಲಗ್ನಕ್ಕ ಹೋಗೂದೈತಿ. ತೋಳು ಬಿಗಿ ಮಾಡಬ್ಯಾಡ ಮತ್ತ!"

ಅಧಿಕಾರಿ ತಲೆ ಎತ್ತಿದಳು.

"ಕಾಕು ಮನಿ ತಪ್ಪಿ ಬಂದಾಳ್ರಿ" ಎಂದ ಅಣ್ಣ.

"ಇಷ್ಟು ವರ್ಷ ತಪ್ಪಿ ಬರಾಕತ್ತೀನೇನೋ ಭಾಡ್ಯಾ?" ಎಂದವಳೇ ಕಾಕು ಪರಸ್ಥಳದ ಮುಖ ಕಂಡಳು. ಊರಿನ ಪದ್ಧತಿ ನೆನಪಾಯಿತು. "ಹೌದ್ರಿ, ಕಣ್ಣು ಕಾಣಸೂದಿಲ್ರಿ ನನಗ" ಎಂದು ಗೋಡೆ ಸವರುತ್ತ ಹೊರಟುಹೋದಳು.

ಅಧಿಕಾರಿ ವೈನಿಯ ಕಡೆ ತಿರುಗಿದಳು. "ಅಕ್ಕಾರ, ನೀವ ಹೇಳ್ರಿ. ಕಲಸಾಕ ಊರಾಗಿನವ್ರ ಬೇಕಾಗ್ಯಾರ."

ವೈನಿ ಚೀಲಗಳ ಕಡೆ ನೋಡಿದರು. "ಹೇಳಿದ್ರ ರೇಷನ್ ಕಾರ್ಡಿಗೆ ಏನರೆ ಆಗ್ತೈತೇನ್ರಿ?"

"ಅದು ನಮ್ಮ ಖಾತೆ ಅಲ್ರಿ. ನನಗ ಗೊತ್ತಿಲ್ಲ."

ಸುಳ್ಳು ಹೇಳಿದ್ದರೆ ಬಹುಶಃ ನಂಬುತ್ತಿದ್ದೆವು. ಸರಕಾರದ ಬಾಯಿಂದ ನಿಜ ಕೇಳಿ ನಮಗೆ ಅಭ್ಯಾಸವಿಲ್ಲ. ವೈನಿ ಸೆರಗು ಬಿಗಿದುಕೊಂಡು, "ಬರೂದಿಲ್ರಿ" ಎಂದರು. ಆಮೇಲೆ ಎರಡು ದಿನ ಅಣ್ಣನಿಗೆ ತಂಗಳು ರೊಟ್ಟಿಯನ್ನೇ ಬಡಿಸಿದರು.

ಯಾರಿಗೂ ಯಾವ ಕಸುಬೂ ಬಾರದ ಊರೆಂದು ನಮಗೆ ತರಗತಿ ಲಗೂನೇ ಮಂಜೂರಾಯಿತು. ಕಲಿಸುವ ಬಾಯಾರ ಜತ್ತದಿಂದ ಬಸ್ಸಿಗೆ ಬರುತ್ತಾರೆ. ಸರಕಾರದ ಮಷಿನ್ನುಗಳು ಇನ್ನೂ ಬಂದಿಲ್ಲವಾದ್ದರಿಂದ, ಬೀಗರದೆಂದು ಹೇಳಿ ಅಣ್ಣ ನಮ್ಮ ಮಷಿನ್ನನ್ನೇ ಅಲ್ಲಿಗೆ ಒಯ್ದು ಕೊಟ್ಟಿದ್ದಾನೆ. ಕಾರ್ಡು ಹಳದಿಯಾಗಿಯೇ ಇದೆ. ವೈನಿ ಸದ್ಯ ಆ ತರಗತಿಯಲ್ಲಿ ಕೂತು ಸೂಜಿಯಲ್ಲಿ ದಾರ ಪೋಣಿಸುವುದನ್ನು ಕಲಿಯುತ್ತಿದ್ದಾರೆ.